ಹಾಜರಿ ಪುಸ್ತಕವೂ ಗಣಕಜಾಲವೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರ ಪತ್ರ ಬಂದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಸಾಹಿತ್ಯ ನನ್ನ ಕ್ಷೇತ್ರವಲ್ಲ; ಜೀವಮಾನವನ್ನೆಲ್ಲ ಗಣಕಯಂತ್ರಗಳ ನಡುವೆ, ಅದರಲ್ಲಿಯೂ ಒಂದು ಯಂತ್ರವು ಇನ್ನೊಂದನ್ನು ಹೆಸರು ಹಿಡಿದು ಕರೆಯುವ ವ್ಯವಸ್ಥೆಯನ್ನು ನೋಡಿಕೊಳ್ಳುವುದರಲ್ಲಿ ಕಳೆದವನು. ಆದರೆ ಲಕೋಟೆಯ ಮೇಲೆ ಬರೆದಿದ್ದ ನನ್ನ ಹೆಸರನ್ನು ನೋಡಿದಾಗ ಬರೆಯಬೇಕಾದ ವಿಷಯವು ಅಲ್ಲಿಯೇ ಇದೆಯೆನಿಸಿತು. ಅಲ್ಲದೆ ಈ ಶಾಲೆಗೆ ನಾನು ಸಲ್ಲಿಸಬೇಕಾದ ಒಂದು ತಪ್ಪೊಪ್ಪಿಗೆಯೂ ಉಂಟು. ಅದನ್ನು ಇದೇ ಪುಟಗಳಲ್ಲಿ ಸಲ್ಲಿಸುವುದು ಯೋಗ್ಯವೆಂದು ಭಾವಿಸಿದ್ದೇನೆ.

1969ರ ಜೂನ್ ತಿಂಗಳು. ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ತಂದೆಯವರು ನನ್ನನ್ನು ಹೆಗ್ಗರಣೆಯಿಂದ ಕರೆತಂದು ಆರನೆಯ ಇಯತ್ತೆಗೆ ಸೇರಿಸಿದರು. ಮುಖ್ಯೋಪಾಧ್ಯಾಯರು ಜನರಲ್ ರಜಿಸ್ಟರನ್ನು ತೆರೆದು, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಹುಡುಗನ ಹೆಸರೇನೆಂದು ಕೇಳಿದರು. ತಂದೆಯ ಹೆಸರೇನೆಂದು ಕೇಳಿದರು. ಇವೆರಡಕ್ಕೂ ಉತ್ತರ ದೊರೆಯಿತು. ಅಡ್ಡಹೆಸರೇನೆಂದು ಕೇಳಿದಾಗ ತಂದೆಯವರು ಸುಮ್ಮನೆ ನಿಂತರು. ನಮ್ಮ ಕಡೆ ಊರೆಂದರೆ ಬಯಲುಸೀಮೆಯವರು ತಿಳಿದಿರುವಂತೆ ಸಾಲುಮನೆಗಳ ಊರಲ್ಲ. ಅಡಿಕೆ ತೋಟದ ಕಣಿವೆಗೊಂದು, ಗುಡ್ಡದ ಓರೆಗೊಂದು ಮನೆ. ಪ್ರತಿ ಮನೆಗೂ ಒಂದು ಹೆಸರು. ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಗದ್ದೆಮನೆ ಎಂದು ಮನೆಯ ಹೆಸರನ್ನು ಹೇಳಿ ಅದಕ್ಕೆ ಮನುಷ್ಯನ ಹೆಸರನ್ನು ಸೇರಿಸಿದರೆ ಸಾಕು, ಗುರುತು ಸಿಕ್ಕಿತು. ಪಕ್ಕದ ಊರಿನಲ್ಲಿಯೂ ಒಂದು ಹೊಸಮನೆ ಇದ್ದೀತು; ಅದರಿಂದ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಅದು ಆ ಊರಿನ ಹೊಸಮನೆ. ತಂದೆಯವರು ಕೊನೆಗೆ ಯೋಚಿಸಿ, 'ಹೆಗ್ಗರಣೆ ಎಂದೇ ಬರೆದುಕೊಳ್ಳಿ' ಎಂದರು. ಹೀಗೆ ನಾನು ಹೆಗ್ಗರಣೆಯಾದೆ. ಆ ಹೆಸರಿನಿಂದ ನನ್ನನ್ನು ಕರೆಯದ ಊರು ಭೂಮಿಯ ಮೇಲೆ ಒಂದೇ ಒಂದಿದೆ, ಅದು ಹೆಗ್ಗರಣೆ. ಅಲ್ಲಿ ಎಲ್ಲರೂ ಹೆಗ್ಗರಣೆಯವರೇ ಆಗಿರುವಾಗ ಆ ಹೆಸರಿನಿಂದ ಯಾರನ್ನು ಗುರುತಿಸಬೇಕು? ಊರ ಗಡಿ ದಾಟಿದ ಮೇಲೆಯೇ ಅದಕ್ಕೊಂದು ಪ್ರಯೋಜನ. ಈ ಸಣ್ಣ ಸಂಗತಿಯೇ ಮುಂದೆ ನನ್ನ ಉದ್ಯೋಗದ ಮೊದಲ ಪಾಠವೆಂದು ತಿಳಿಯಲು ನನಗೆ ಹದಿನೈದು ವರ್ಷಗಳು ಬೇಕಾದವು.

ನಮ್ಮ ಶಾಲೆಯ ಹಾಜರಿ ಪುಸ್ತಕ ಒಂದು ವಿಚಿತ್ರ ಗ್ರಂಥವಾಗಿತ್ತು. ಶಿರಸಿ, ಸಿದ್ದಾಪುರ, ಹಾನಗಲ್ಲು ಮೊದಲಾದ ಹಳೆಯ ಮುಂಬಯಿ ಪ್ರಾಂತದ ಹುಡುಗರೂ ಸೊರಬ, ಸಾಗರಗಳ ಕಡೆಯ ಹಳೆಯ ಮೈಸೂರಿನ ಹುಡುಗರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. 1956ರಲ್ಲಿ ರಾಜ್ಯಗಳು ಒಂದಾದವು. ಹೆಸರಿನ ಪದ್ಧತಿಗಳು ಒಂದಾಗಲಿಲ್ಲ. ನಮ್ಮ ಕಡೆಯವರು ಮೊದಲು ತಮ್ಮ ಹೆಸರು, ಆಮೇಲೆ ತಂದೆಯ ಹೆಸರು, ಕಡೆಗೆ ಮನೆತನದ ಹೆಸರು ಎಂದು ಬರೆಯುವವರು. ಅವರಾದರೋ ಮೊದಲು ಊರು, ಆಮೇಲೆ ತಂದೆ, ಕಟ್ಟಕಡೆಗೆ ತಮ್ಮ ಹೆಸರು. ಕನ್ನಡದ ಕವಿಗಳನ್ನೇ ತೆಗೆದುಕೊಳ್ಳಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಲ್ಲಿ ಕವಿಯ ಸ್ವಂತ ಹೆಸರು ತಲೆಯಲ್ಲಿದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಬಾಲದಲ್ಲಿದೆ. ವಿನಾಯಕ ಕೃಷ್ಣ ಗೋಕಾಕರಲ್ಲಿ ಊರು ಕೊನೆಗೆ ಬಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಲ್ಲಿ ಊರೇ ಮುಂದಾಳು. ಎರಡೂ ಪದ್ಧತಿಗಳು ಸುಸಂಬದ್ಧವಾದವುಗಳೇ. ಒಂದು ಚಿಕ್ಕದರಿಂದ ದೊಡ್ಡದರ ಕಡೆಗೆ ನಡೆಯುತ್ತದೆ, ಇನ್ನೊಂದು ದೊಡ್ಡದರಿಂದ ಚಿಕ್ಕದರ ಕಡೆಗೆ. ತೊಡಕು ಬರುವುದು ಎರಡೂ ಒಂದೇ ಪುಸ್ತಕದ ಒಂದೇ ಕಾಲಮಿನಲ್ಲಿ ಬಂದು ಕುಳಿತಾಗ. ಅದನ್ನು ಓದುವವನಿಗೆ ಮನುಷ್ಯರ ಪರಿಚಯವಿಲ್ಲದಿದ್ದಾಗ.

ನಮ್ಮ ವರ್ಗ ಶಿಕ್ಷಕರಿಗೆ ಪರಿಚಯವಿತ್ತು, ಆದುದರಿಂದ ತೊಡಕಿರಲಿಲ್ಲ. ನನ್ನ ತರಗತಿಯಲ್ಲಿ ಹಾನಗಲ್ ತಾಲೂಕಿನ ಇಬ್ಬರು ಹುಡುಗರಿದ್ದರು. ಅವರ ಹೆಸರನ್ನೂ ಊರನ್ನೂ ಇಲ್ಲಿ ಬದಲಿಸಿ ಹೇಳುತ್ತಿದ್ದೇನೆ. ಒಬ್ಬನು ಶಂಕರಗೌಡ ಸಂಗನಗೌಡ ಪಾಟೀಲ, ಅಕ್ಕಿ ಆಲೂರಿನ ಕಡೆಯವನು. ಇನ್ನೊಬ್ಬನು ಸಿದ್ದನಗೌಡ ಶಿವನಗೌಡ ಪಾಟೀಲ, ತಿಲವಳ್ಳಿಯ ಕಡೆಯವನು. ಹಾಜರಿ ಪುಸ್ತಕದಲ್ಲಿ ಇಬ್ಬರೂ ಎಸ್. ಎಸ್. ಪಾಟೀಲ. ಬೇಂದ್ರೆಯವರು ದ. ರಾ. ಎಂದು ಬರೆಯುತ್ತಿದ್ದಂತೆ ಕನ್ನಡದ ಮೊದಲಕ್ಷರಗಳನ್ನೇ ಬರೆದಿದ್ದರೆ ಒಬ್ಬನು ಶಂ. ಸಂ., ಇನ್ನೊಬ್ಬನು ಸಿ. ಶಿ. ಆಗಿ ಬೇರೆಬೇರೆ ಉಳಿಯುತ್ತಿದ್ದರು. ಆದರೆ ಇಂಗ್ಲಿಷಿನ ಎಸ್ ಎಂಬ ಒಂದೇ ಅಕ್ಷರ ನಮ್ಮ ಶ, ಷ, ಸ ಮೂರನ್ನೂ ಅವುಗಳ ಸಕಲ ಸ್ವರಗಳೊಂದಿಗೆ ನುಂಗಿ ಕುಳಿತಿದೆ. ಗುರುಗಳು ಹಾಜರಿ ಕರೆಯುವಾಗ 'ಆಲೂರು ಪಾಟೀಲ' ಎನ್ನುವರು, ಸ್ವಲ್ಪ ತಡೆದು 'ತಿಲವಳ್ಳಿ ಪಾಟೀಲ' ಎನ್ನುವರು. ತಿಲವಳ್ಳಿಯವನು ಸದಾ ಎರಡನೆಯವನು. ಪ್ರಸಾದ ನಿಲಯದಲ್ಲಿ ನನ್ನ ಪಕ್ಕದ ಚಾಪೆ ಅವನದು. ತಂದೆಯಿಲ್ಲದ ಹುಡುಗ. ಅವನ ತಾಯಿ ವರ್ಷಕ್ಕೊಮ್ಮೆ ಶ್ರೀಮಠದ ಜಾತ್ರೆಗೆ ಬಂದಾಗ ರೊಟ್ಟಿಯ ಗಂಟು ತರುತ್ತಿದ್ದರು. ಅದರಲ್ಲಿ ನನಗೂ ಪಾಲಿರುತ್ತಿತ್ತು.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, 1972ರ ಆಗಸ್ಟ್ 15ರಂದು, ಅಂಚೆ ಇಲಾಖೆಯವರು ಆರಂಕಿಗಳ ಪಿನ್ ಕೋಡನ್ನು ಜಾರಿಗೆ ತಂದರು. ಪಾಠದ ನಡುವೆ ಗುರುಗಳೊಬ್ಬರು ಕಾರ್ಡಿನ ಮೇಲೆ ವಿಳಾಸ ಬರೆಯುವ ಕ್ರಮವನ್ನು ಕಪ್ಪುಹಲಗೆಯ ಮೇಲೆ ತೋರಿಸಿದ್ದು ನೆನಪಿದೆ. ಮೊದಲು ಹೆಸರು, ಆಮೇಲೆ ಮನೆ, ಊರು, ತಾಲೂಕು, ಜಿಲ್ಲೆ. ಕೆಳಗೆ ಅಂಕಿಗಳು. ವಿಳಾಸವನ್ನು ಅಕ್ಷರಗಳಲ್ಲಿ ಬರೆದಾಗ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಪಿನ್ ಕೋಡಿನಲ್ಲಿ ಮೊದಲ ಅಂಕಿ ದೇಶದ ಒಂದು ವಲಯ, ಮೊದಲ ಮೂರು ಅಂಕಿಗಳು ಅಂಚೆಯನ್ನು ವಿಂಗಡಿಸುವ ಒಂದು ಪ್ರದೇಶ, ಕಡೆಯವು ಅಂಚೆ ಕಚೇರಿ. ಒಂದೇ ಕಾರ್ಡಿನ ಮೇಲೆ ಬೇಂದ್ರೆಯವರ ಕ್ರಮವೂ ಇದೆ, ಪುಟ್ಟಪ್ಪನವರ ಕ್ರಮವೂ ಇದೆ! ಇಂದಿನ ಅಂತರಜಾಲದಲ್ಲಿಯೂ ಹೀಗೆಯೇ ಎಂಬುದು ವಾಚಕರಿಗೆ ಕುತೂಹಲಕರವೆನಿಸಬಹುದು: ಯಂತ್ರದ ಸಂಖ್ಯೆಯಲ್ಲಿ ಮೊದಲು ಜಾಲ, ಆಮೇಲೆ ಯಂತ್ರ, ಅದೇ ಯಂತ್ರದ ಹೆಸರಿನಲ್ಲಿ ಮೊದಲು ಯಂತ್ರ, ಕೊನೆಗೆ ದೇಶ.

ಸಿದ್ದಾಪುರವೆಂಬ ಹೆಸರು ನಮ್ಮದೊಂದೇ ಊರಿನದಲ್ಲ. ಕೊಡಗಿನಲ್ಲೊಂದು ಸಿದ್ದಾಪುರವಿದೆ, ಕುಂದಾಪುರದ ಬಳಿ ಇನ್ನೊಂದಿದೆ. ಆದುದರಿಂದ ನಾವು ಊರ ಹೆಸರಿನ ಮುಂದೆ ಎನ್. ಕೆ. ಎಂದು ಬರೆಯುತ್ತಿದ್ದೆವು, 1977ರಲ್ಲಿ ನಾರ್ತ್ ಕೆನರಾ ಎಂಬ ಹೆಸರು ಹೋಗಿ ಜಿಲ್ಲೆಯು ಅಧಿಕೃತವಾಗಿ ಉತ್ತರ ಕನ್ನಡವಾದ ಮೇಲೆ ಯು. ಕೆ. ಎಂದು ಬರೆಯತೊಡಗಿದೆವು. ಅದರ ಫಲವನ್ನು ಮುಂದೆ ಹೇಳುತ್ತೇನೆ.

ನಾನು ಈ ಶಾಲೆಯ ಮೆಟ್ಟಿಲೇರಿದ ವರ್ಷವೇ, ಅಕ್ಟೋಬರ್ 29ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಶ್ವವಿದ್ಯಾಲಯದ ಗಣಕದಿಂದ ಇನ್ನೊಂದು ಸಂಶೋಧನಾ ಸಂಸ್ಥೆಯ ಗಣಕಕ್ಕೆ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶವನ್ನು ಕಳುಹಿಸಿದರು. 'ಲಾಗಿನ್' ಎಂಬ ಪದದ ಮೊದಲ ಎರಡು ಅಕ್ಷರಗಳು ತಲುಪುವಷ್ಟರಲ್ಲಿ ಆಚೆಯ ಯಂತ್ರ ಕುಸಿದುಬಿತ್ತು. ಆ ವರ್ಷದ ಕೊನೆಗೆ ಜಾಲದಲ್ಲಿದ್ದವು ನಾಲ್ಕೇ ಕೇಂದ್ರಗಳು. ನಾಲ್ಕು ಮನೆಗಳ ಕೇರಿಯಲ್ಲಿ ಹೆಸರಿನ ಪ್ರಶ್ನೆ ಏಳುವುದಿಲ್ಲ.

ಹದಿಮೂರು ವರ್ಷಗಳ ತರುವಾಯ, 1982ರಲ್ಲಿ, ನಾನು ಬೆಂಗಳೂರಿನ ಒಂದು ಗಣಕ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ನನ್ನ ಹೆಸರು ಮೊಟಕಾಯಿತು. ಬಳಕೆದಾರನ ಹೆಸರಿಗೆ ಯಂತ್ರದಲ್ಲಿ ಎಂಟು ಅಕ್ಷರಗಳ ಸ್ಥಳ. ಹೆಗ್ಗರಣೆಯನ್ನು ರೋಮನ್ ಲಿಪಿಯಲ್ಲಿ ಬರೆದರೆ ಒಂಬತ್ತು. ಕೊನೆಯ ಅಕ್ಷರ ಬಿದ್ದುಹೋಗಿ ನಾನು 'ಹೆಗ್ಗರನ್' ಆದೆ. ಆ ಕೊನೆಯ ಅಕ್ಷರ ಇ ಆಗಬೇಕೋ ಐ ಆಗಬೇಕೋ ಎಂಬ ವಿಷಯದಲ್ಲಿ ಸರಕಾರಿ ಕಾಗದಗಳಲ್ಲಿಯೇ ಒಮ್ಮತವಿಲ್ಲವಾದ್ದರಿಂದ ಅದು ಹೋದದ್ದೇ ಒಳ್ಳೆಯದಾಯಿತೆಂದು ಸಮಾಧಾನ ಪಟ್ಟುಕೊಂಡೆ. ನನ್ನ ಸಹೋದ್ಯೋಗಿಗಳ ಪಾಡು ಇನ್ನೂ ಕಷ್ಟದ್ದು. ಶಿವಲಿಂಗಪ್ಪ, ಶಿವಲಿಂಗಯ್ಯ, ಶಿವಲಿಂಗಸ್ವಾಮಿ ಈ ಮೂವರನ್ನೂ ಎಂಟು ರೋಮನ್ ಅಕ್ಷರಗಳಿಗೆ ಕತ್ತರಿಸಿದರೆ ಉಳಿಯುವುದು 'ಶಿವಲಿನ್' ಎಂಬ ಒಂದೇ ತುಂಡು. ನಮ್ಮ ಹೆಸರುಗಳಲ್ಲಿ ಮನುಷ್ಯನನ್ನು ಮನುಷ್ಯನಿಂದ ಬೇರ್ಪಡಿಸುವ ಅಪ್ಪ, ಅಯ್ಯ, ಗೌಡಗಳು ತುದಿಯಲ್ಲಿರುತ್ತವೆ. ಎಂಟೇ ಅಕ್ಷರ ಸಾಕೆಂದು ನಿರ್ಧರಿಸಿದವರಿಗೆ ಅಂತಹ ಹೆಸರುಗಳ ಅನುಭವವಿರಲಿಲ್ಲ. ಅದನ್ನು ಅಪರಾಧವೆಂದು ನಾನು ಹೇಳಲಾರೆ. ಅಂದು ಗಣಕದ ಸ್ಮೃತಿಯ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು.

ಅಲ್ಲಿಯೇ ನಾನು ಅರ್ಪಾನೆಟ್ಟಿನ ಹೆಸರುಪಟ್ಟಿಯ ವಿಷಯವನ್ನು ಓದಿ ತಿಳಿದದ್ದು. ಜಾಲದಲ್ಲಿದ್ದ ಸಮಸ್ತ ಯಂತ್ರಗಳ ಹೆಸರು ಮತ್ತು ಸಂಖ್ಯೆಗಳು ಒಂದೇ ಒಂದು ಕಡತದಲ್ಲಿದ್ದವು. ಅದರ ಹೆಸರು ಹೋಸ್ಟ್ಸ್ ಡಾಟ್ ಟೆಕ್ಸ್ಟ್. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಎಂಬ ಮಹಿಳೆಯ ನೇತೃತ್ವದ ತಂಡವು ಅದನ್ನು ಕಾಯುತ್ತಿತ್ತು. ಹೊಸ ಯಂತ್ರ ಜಾಲಕ್ಕೆ ಸೇರಿದರೆ ಆ ಕಚೇರಿಗೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಬರೆದುಕೊಳ್ಳುವರು. ಉಳಿದವರೆಲ್ಲ ಆಗಾಗ ಆ ಕಡತವನ್ನು ಪ್ರತಿ ಮಾಡಿಕೊಳ್ಳುವರು. ನಮ್ಮ ಮುಖ್ಯೋಪಾಧ್ಯಾಯರ ಜನರಲ್ ರಜಿಸ್ಟರನ್ನು ಪ್ರತಿಯೊಂದು ತರಗತಿಯ ಶಿಕ್ಷಕರೂ ಕೈಬರಹದಲ್ಲಿ ನಕಲು ಮಾಡಿಕೊಳ್ಳುತ್ತಿದ್ದಂತೆ.

ಆ ಕಡತವನ್ನು ಯಂತ್ರವು ಓದಿ ಅರ್ಥ ಮಾಡಿಕೊಳ್ಳುವ ಕ್ರಮಕ್ಕೆ ನಾನು ಪದಚ್ಛೇದವೆಂಬ ನಮ್ಮ ಹಳೆಯ ಮಾತನ್ನೇ ಬಳಸುತ್ತೇನೆ. ಓಲೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿರುತ್ತಿರಲಿಲ್ಲ. ಎಲ್ಲಿ ಒಡೆಯಬೇಕೆಂಬುದು ಓದುವವನ ವಿದ್ವತ್ತಿಗೆ ಬಿಟ್ಟದ್ದು. ವಚನದ ಕೊನೆಯ ಅಂಕಿತವನ್ನು ನೋಡಿ ಇದು ಇಂತಹ ಶರಣರದೆಂದು ತಿಳಿಯುವುದೂ ಆ ವಿದ್ವತ್ತಿನ ಒಂದು ಭಾಗವೇ. ಯಂತ್ರಕ್ಕೆ ವಿದ್ವತ್ತಿಲ್ಲ. ಆದುದರಿಂದ ಒಂದೊಂದು ಸಾಲಿನಲ್ಲಿಯೂ ಎಲ್ಲಿ ಒಡೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿಡಬೇಕು. 1985ರ ಅಕ್ಟೋಬರಿನಲ್ಲಿ ಪ್ರಕಟವಾದ ನಿಯಮಾವಳಿಯಂತೆ ಸಾಲಿನ ಭಾಗಗಳ ನಡುವೆ ಕೋಲನ್ ಚಿಹ್ನೆ. ಒಂದು ಯಂತ್ರಕ್ಕೆ ಎರಡು ಹೆಸರುಗಳಿದ್ದರೆ ಅವುಗಳ ನಡುವೆ ಅಲ್ಪವಿರಾಮ. ಅರ್ಧವಿರಾಮ ಬಂದರೆ ಅಲ್ಲಿಂದ ಮುಂದಿನದು ಬರಿಯ ಟಿಪ್ಪಣಿ, ಯಂತ್ರವು ಅದನ್ನು ಓದಬಾರದು. ಹೆಸರು ಇಪ್ಪತ್ತನಾಲ್ಕು ಅಕ್ಷರಗಳನ್ನು ಮೀರಬಾರದು. ಅದರಲ್ಲಿ ರೋಮನ್ ಅಕ್ಷರಗಳು, ಅಂಕಿಗಳು, ಅಡ್ಡಗೆರೆ, ಬಿಂದು ಇವಿಷ್ಟೇ ಇರಬಹುದು. ನಡುವೆ ತೆರಪು ಕೂಡದು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಮೊದಲನೆಯದು ಅಕ್ಷರವೇ ಆಗಿರಬೇಕು. ಅಂಕಿಯಿಂದ ಆರಂಭವಾದರೆ ಇದು ಹೆಸರೋ ಸಂಖ್ಯೆಯೋ ಎಂದು ಓದುವ ಯಂತ್ರವು ತಬ್ಬಿಬ್ಬಾಗುತ್ತಿತ್ತು. 3ಕಾಂ ಎಂಬ ಹೆಸರಿನ ಸಂಸ್ಥೆಯೇ ಇದ್ದಾಗ ಈ ಕಟ್ಟಳೆ ಹೇಗೆ ನಿಂತೀತು? 1989ರಲ್ಲಿ ಅದನ್ನು ಸಡಿಲಿಸಿದರು.

ಈ ಮಾದರಿಯನ್ನೇ ಅನುಸರಿಸಿ ನಾವೂ ನಮ್ಮ ಕೇಂದ್ರದ ಯಂತ್ರಗಳಿಗೊಂದು ಪಟ್ಟಿ ಮಾಡಿದ್ದೆವು. ಒಂದು ಬೆಳಿಗ್ಗೆ ನಾನು ಹೊಸ ಸಾಲೊಂದನ್ನು ಸೇರಿಸಿದೆ. ಕೀಲಿಮಣೆಯಲ್ಲಿ ಕೋಲನ್ ಮತ್ತು ಅರ್ಧವಿರಾಮಗಳಿಗೆ ಒಂದೇ ಕೀಲಿ. ಮೇಲಿನದು ಬೇಕಾದರೆ ಇನ್ನೊಂದು ಕೀಲಿಯನ್ನು ಜೊತೆಗೆ ಒತ್ತಬೇಕು. ನಾನು ಒತ್ತಲಿಲ್ಲ. ಸಾಲು ಕಣ್ಣಿಗೆ ನೆಟ್ಟಗೆ ಕಾಣುತ್ತಿತ್ತು. ಆದರೆ ಯಂತ್ರಕ್ಕೆ ಅರ್ಧವಿರಾಮದಿಂದ ಮುಂದಿನದೆಲ್ಲ ಟಿಪ್ಪಣಿಯಾಗಿ, ಸಂಖ್ಯೆಯಿದ್ದು ಹೆಸರಿಲ್ಲದ ಒಂದು ಅನಾಥ ಯಂತ್ರ ಸೃಷ್ಟಿಯಾಯಿತು. ಸಂಜೆಯವರೆಗೆ ಹುಡುಕಿದೆವು. ಯಂತ್ರದ ಓದಿನಲ್ಲಿ ದಯೆಯೂ ಇಲ್ಲ, ದ್ವೇಷವೂ ಇಲ್ಲ ಎಂದು ಅಂದೇ ನನಗೆ ಅರಿವಾಗಬೇಕಾಗಿತ್ತು.

ಅರ್ಪಾನೆಟ್ಟಿನ ಪಟ್ಟಿ 1981ರ ಆಗಸ್ಟಿನಲ್ಲಿ ಇನ್ನೂರ ಹದಿಮೂರು ಯಂತ್ರಗಳದಾಗಿತ್ತು. ಎರಡು ವರ್ಷಗಳಲ್ಲಿ ಅದು ಐನೂರನ್ನು ಮೀರಿತು. ಎಲ್ಲರೂ ಒಂದೇ ಕಡೆಯಿಂದ ಪ್ರತಿ ತೆಗೆದುಕೊಳ್ಳುವುದು ಭಾರವಾಯಿತು. ಒಬ್ಬರು ಇಟ್ಟ ಹೆಸರನ್ನೇ ಇನ್ನೊಬ್ಬರೂ ಇಟ್ಟು ಜಗಳವಾಗತೊಡಗಿತು. ಪ್ರತಿ ಮಾಡಿಕೊಳ್ಳುವುದರೊಳಗೆ ಪಟ್ಟಿ ಹಳತಾಗುತ್ತಿತ್ತು. 1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಇದಕ್ಕೊಂದು ಪರಿಹಾರವನ್ನು ಬರೆದು ಪ್ರಕಟಿಸಿದರು. ಅದರ ಸಾರವನ್ನು ಹೆಗ್ಗರಣೆಯ ಯಾವ ಅಜ್ಜನಾದರೂ ಹೇಳಬಹುದಾಗಿತ್ತು: ಹೊಸಮನೆಯ ವಿಷಯವನ್ನು ಆ ಊರಿನವರೇ ನೋಡಿಕೊಳ್ಳಲಿ, ಊರಿನ ವಿಷಯವನ್ನು ತಾಲೂಕು ನೋಡಿಕೊಳ್ಳಲಿ. ಎಲ್ಲ ಮನೆಗಳ ಪಟ್ಟಿ ರಾಜಧಾನಿಯಲ್ಲಿರಬೇಕಾಗಿಲ್ಲ. ಯಾವ ತಾಲೂಕು ಎಲ್ಲಿದೆಯೆಂದು ಅಲ್ಲಿ ತಿಳಿದಿದ್ದರೆ ಸಾಕು. ಒಂದೇ ಹೆಸರು ಎರಡು ಊರುಗಳಲ್ಲಿದ್ದರೂ ಬಾಧಕವಿಲ್ಲ. ಅಜ್ಜ ಹೇಳಬಹುದಾಗಿತ್ತೆಂದ ಮಾತ್ರಕ್ಕೆ ಅದನ್ನು ಸಾವಿರಾರು ಯಂತ್ರಗಳ ನಡುವೆ ನಡೆಯುವಂತೆ ಮಾಡಿದ ಜಾಣ್ಮೆ ಕಡಿಮೆಯದಲ್ಲ.

ನಮ್ಮ ದೇಶದಲ್ಲಿ 1986ರಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಎರ್ನೆಟ್ ಎಂಬ ವಿದ್ಯಾಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಐದು ಐ. ಐ. ಟಿ.ಗಳು ಮತ್ತು ದೆಹಲಿಯ ಇಲಾಖೆ ಅದರ ಮೊದಲ ಸದಸ್ಯರು. ಆರಂಭದಲ್ಲಿ ಟಪಾಲು ಹೋಗುತ್ತಿದ್ದುದು ಸಾಮಾನ್ಯ ದೂರವಾಣಿ ತಂತಿಯ ಮೇಲೆ, ಒಂದು ಯಂತ್ರ ಇನ್ನೊಂದಕ್ಕೆ ಕರೆ ಮಾಡಿ ಗಂಟನ್ನು ದಾಟಿಸುವ ಯುಯುಸಿಪಿ ಎಂಬ ಕ್ರಮದಿಂದ. ಆ ಕ್ರಮದಲ್ಲಿ ವಿಳಾಸವೆಂದರೆ ವಿಳಾಸವೇ ಅಲ್ಲ, ದಾರಿ. ಈ ಯಂತ್ರದಿಂದ ಆ ಯಂತ್ರಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ಇಂತಹವರಿಗೆ ಎಂದು ನಡುವೆ ಆಶ್ಚರ್ಯಸೂಚಕ ಚಿಹ್ನೆಗಳನ್ನಿಟ್ಟು ಬರೆಯಬೇಕು. ಮಲೆನಾಡಿನಲ್ಲಿ ದಾರಿ ಕೇಳಿದವರಿಗೆ ಹೇಳುತ್ತೇವಲ್ಲ: ಸಂಕ ದಾಟಿ, ಗದ್ದೆಯ ಅಂಚಿನಲ್ಲಿ ಹೋಗಿ, ಬಲಕ್ಕೆ ತಿರುಗಿದರೆ ಎರಡನೆಯ ದಣಪೆ ಎಂದು, ಹಾಗೆ. ಹೇಳುವವನು ನಿಂತ ಸ್ಥಳ ಬದಲಾದರೆ ದಾರಿಯೂ ಬದಲಾಯಿತು. ನಡುವೆ ಒಂದು ಸಂಕ ಮುರಿದರೆ ಪತ್ರ ಅಲ್ಲಿಯೇ ಉಳಿಯಿತು.

1989ರ ಮೇ 8ರಂದು ಭಾರತಕ್ಕೆ 'ಇನ್' ಎಂಬ ಎರಡಕ್ಷರದ ಕೊನೆಹೆಸರು ದೊರಕಿತು. ಮುಂಬಯಿಯಲ್ಲಿ 'ಶಕ್ತಿ' ಎಂಬ ಯಂತ್ರವಿತ್ತು; ನಮ್ಮ ವಿಜ್ಞಾನ ಸಂಸ್ಥೆಯಲ್ಲಿದ್ದ ಯಂತ್ರದ ಹೆಸರು 'ವಿಗ್ಯಾನ್'. ಜ್ಞಕಾರವನ್ನು ನಾವು ಉಚ್ಚರಿಸುವ ಬಗೆಯೇ ಬೇರೆ. ಬೆಂಗಳೂರಿನಲ್ಲಿ ಕುಳಿತ ಯಂತ್ರಕ್ಕೆ ಔತ್ತರೇಯ ಉಚ್ಚಾರದ ಹೆಸರಿಟ್ಟುದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಆದರೂ ವಿಗ್ಯಾನ್, ಐ. ಐ. ಎಸ್ಸಿ., ಎರ್ನೆಟ್, ಇನ್ ಎಂದು ಒಂದರ ಮುಂದೊಂದು ಬಿಂದುವಿಟ್ಟು ಬರೆದ ಆ ವಿಳಾಸ ಪರದೆಯ ಮೇಲೆ ಮೂಡಿದಾಗ, ಕಾರ್ಡಿನ ಮೇಲೆ ಮನೆ, ಊರು, ತಾಲೂಕು, ಜಿಲ್ಲೆ ಎಂದು ಬರೆಯುತ್ತಿದ್ದ ಹುಡುಗನಿಗೆ ಆದ ಸಂತೋಷವನ್ನು ಹೇಗೆ ವರ್ಣಿಸಲಿ!

ಈಗ ಯು. ಕೆ.ಯ ಮಾತು. 1985ರಲ್ಲಿ ಬ್ರಿಟನ್ನಿಗೆ ಜಾಲದಲ್ಲಿ ದೊರೆತ ಕೊನೆಹೆಸರೂ ಯು. ಕೆ.ಯೇ. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮದೇ ಆದ ಜಾಲದಲ್ಲಿ ಹೆಸರನ್ನು ತಿರುಗಿಸಿ ಬರೆಯುತ್ತಿದ್ದವು: ಮೊದಲು ದೇಶ, ಆಮೇಲೆ ವಿದ್ಯಾಲಯ, ಕಡೆಗೆ ವಿಭಾಗ. ಅಂದರೆ ಅವರು ಹಳೆಯ ಮೈಸೂರಿನವರು, ಜಗತ್ತಿನ ಉಳಿದವರು ಮುಂಬಯಿ ಕರ್ನಾಟಕದವರು! ಗಣಕ ವಿಜ್ಞಾನ ವಿಭಾಗದ ಸಂಕ್ಷೇಪ ಸಿ. ಎಸ್.; ಅದು ಅವರ ವಿಳಾಸದ ಕಟ್ಟಕಡೆಯಲ್ಲಿರುತ್ತಿತ್ತು. 1990ರ ಸುಮಾರಿಗೆ ಜೆಕೊಸ್ಲೊವಾಕಿಯಾ ದೇಶಕ್ಕೂ ಸಿ. ಎಸ್. ಎಂಬ ಕೊನೆಹೆಸರು ದೊರಕಿತು. ಹೆಸರನ್ನು ಯಾವ ತುದಿಯಿಂದ ಓದಬೇಕೆಂದು ಊಹಿಸುತ್ತಿದ್ದ ತಂತ್ರಾಂಶಗಳು ಇಂಗ್ಲೆಂಡಿನ ಪ್ರಾಧ್ಯಾಪಕರ ಪತ್ರವನ್ನು ಪ್ರಾಗ್ ನಗರದ ದಾರಿ ಹಿಡಿಸುವ ಪ್ರಸಂಗ ಬಂದಿತು. ಆ ದೇಶವೇ 1993ರ ಜನವರಿ 1ರಂದು ಇಬ್ಭಾಗವಾಯಿತು. ಬ್ರಿಟಿಷರೂ ಕಾಲಕ್ರಮದಲ್ಲಿ ತಮ್ಮ ಕ್ರಮವನ್ನು ಬಿಟ್ಟರು. ಶಿರಸಿ ಸಿದ್ದಾಪುರಗಳ ಯು. ಕೆ. ಮಾತ್ರ ಲಕೋಟೆಗಳ ಮೇಲೆ ಉಳಿದಿದೆ. ಮೊನ್ನೆ ನನ್ನ ಮೊಮ್ಮಗಳು ಹಳೆಯ ಪತ್ರವೊಂದನ್ನು ನೋಡಿ 'ಅಜ್ಜ ಲಂಡನ್ನಿನಲ್ಲಿದ್ದರೇ?' ಎಂದು ಕೇಳಿದಳು.

ಇಷ್ಟೆಲ್ಲ ಬಲ್ಲವನೆಂಬ ಅಭಿಮಾನ ನನಗಿತ್ತು. ನಿವೃತ್ತನಾದ ಕೆಲವು ದಿನಗಳ ಮೇಲೆ ಶಾಲೆಯವರು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪಟ್ಟಿಯನ್ನು ಗಣಕದಲ್ಲಿ ಸಿದ್ಧಪಡಿಸಿಕೊಡಬೇಕೆಂದು ಕೇಳಿದಾಗ ಹೆಮ್ಮೆಯಿಂದ ಒಪ್ಪಿದೆ. ಉತ್ಸಾಹಿಗಳಾದ ಹತ್ತನೆಯ ತರಗತಿಯ ಮಕ್ಕಳು ಫಲಿತಾಂಶದ ಪುಸ್ತಕಗಳಿಂದ ಹೆಸರುಗಳನ್ನು ಟೈಪು ಮಾಡಿದರು. 'ಜನರಲ್ ರಜಿಸ್ಟರಿನ ನಂಬರನ್ನೂ ಹಾಕಬೇಕೇ?' ಎಂದು ಒಬ್ಬ ಹುಡುಗಿ ಕೇಳಿದಳು. 'ಸಂಖ್ಯೆ ಯಾರಿಗೆ ಬೇಕು, ಹೆಸರು ಸಾಕು' ಎಂದವನು ನಾನೇ.

ಪಟ್ಟಿಯಲ್ಲಿ ಒಬ್ಬನೇ ವಿದ್ಯಾರ್ಥಿ ಎರಡು ಸಲ ಬರುವುದುಂಟು. ಮಾರ್ಚಿನಲ್ಲಿ ಅನುತ್ತೀರ್ಣನಾಗಿ ಅಕ್ಟೋಬರಿನಲ್ಲಿ ಉತ್ತೀರ್ಣನಾದವನ ಹೆಸರು ಎರಡೂ ಪುಸ್ತಕಗಳಲ್ಲಿರುತ್ತದೆ. ಅಂತಹವರನ್ನು ಒಂದುಗೂಡಿಸಲು ನಾನೊಂದು ಕಾರ್ಯಕ್ರಮವನ್ನು ಬರೆದೆ. ಅದು ಪ್ರತಿ ಸಾಲನ್ನೂ ಅಲ್ಪವಿರಾಮಗಳಲ್ಲಿ ಒಡೆದು, ಬಿಂದುಗಳನ್ನೂ ತೆರಪುಗಳನ್ನೂ ತೆಗೆದುಹಾಕಿ, ಕೊನೆಯ ಪದವನ್ನು ಮನೆತನದ ಹೆಸರೆಂದು ಭಾವಿಸುತ್ತಿತ್ತು. ಮೊದಲಕ್ಷರಗಳೂ ಮನೆತನವೂ ವರ್ಷವೂ ಒಂದೇ ಆಗಿದ್ದರೆ ಇಬ್ಬರನ್ನೂ ಒಬ್ಬನೆಂದು ತಿಳಿದು ಎರಡನೆಯ ಸಾಲನ್ನು ಅಳಿಸುತ್ತಿತ್ತು. ದಾನಿಗಳ ಪಟ್ಟಿಗೂ ಅದನ್ನೇ ಬಳಸಿದೆ. ಅಲ್ಲಿ ಅಳಿಸಿದ ಸಾಲಿನ ಮೊತ್ತವನ್ನು ಉಳಿದ ಸಾಲಿಗೆ ಕೂಡಿಸಿತು. ಒಂದು ನಿಮಿಷದೊಳಗೆ ಪಟ್ಟಿ ಸಿದ್ಧವಾಯಿತು. ಅಚ್ಚಾಯಿತು. ವಾರ್ಷಿಕ ಸಮಾರಂಭದಲ್ಲಿ ಪೂಜ್ಯ ಶ್ರೀಗಳವರ ಸಾನ್ನಿಧ್ಯದಲ್ಲಿ ದಾನಿಗಳ ಹೆಸರುಗಳನ್ನು ಓದಲಾಯಿತು. ಎಸ್. ಎಸ್. ಪಾಟೀಲ ಎಂದಾಗ ಆಲೂರಿನ ಶಂಕರಗೌಡರು ಎದ್ದು ಕೈಮುಗಿದರು. ಅವರು ಉದ್ಯಮಿಗಳು; ಒಂದು ಕೊಠಡಿಯನ್ನೇ ಕಟ್ಟಿಸಿಕೊಟ್ಟವರು; ಜನ ಚಪ್ಪಾಳೆ ತಟ್ಟಿದರು.

ಪ್ರಸಾದದ ಹೊತ್ತಿನಲ್ಲಿ ಬಿಳಿಯ ನೆಹರೂ ಶರ್ಟು ತೊಟ್ಟ ಹಿರಿಯರೊಬ್ಬರು ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು, 'ಹೆಗ್ಗರಣೆಯಲ್ಲವೇ?' ಎಂದರು. ತಿಲವಳ್ಳಿ ಪಾಟೀಲ. ನಲವತ್ತು ವರ್ಷಗಳ ಮೇಲಾಗಿತ್ತು. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾಗಿದ್ದರು. ಮನೆ, ಮಕ್ಕಳು, ಮಳೆ, ಬೆಳೆ ಎಲ್ಲ ಮಾತಾಯಿತು. ಕೊನೆಗೆ, ಎಲೆಯ ಮೇಲೆ ಕಣ್ಣಿಟ್ಟು, ಮೆಲ್ಲನೆ ಹೇಳಿದರು: 'ಪಟ್ಟಿಯಲ್ಲಿ ನನ್ನ ಹೆಸರು ಕಾಣಲಿಲ್ಲ. ಅದಕ್ಕೆ ಬೇಸರವಿಲ್ಲ. ಹತ್ತು ಸಾವಿರ ರೂಪಾಯಿ ದತ್ತಿ ಇಟ್ಟಿದ್ದೆ, ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆ, ಅವ್ವನ ಹೆಸರಿನಲ್ಲಿ. ಅವ್ವನ ಹೆಸರನ್ನಾದರೂ ಓದಬಹುದಿತ್ತು.'

ರೊಟ್ಟಿಯ ಗಂಟು ನೆನಪಾಯಿತು. ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಐವತ್ತು ಹುಡುಗರ ತರಗತಿಯಲ್ಲಿ ನಮ್ಮ ಗುರುಗಳು ಒಂದು ದಿನವೂ ಮಾಡದ ತಪ್ಪನ್ನು, ಹೆಸರುಗಳ ಶಾಸ್ತ್ರದಲ್ಲಿಯೇ ತಲೆ ನರೆಸಿಕೊಂಡ ನಾನು ಮಾಡಿದ್ದೆ. ಯಂತ್ರದ ಮೇಲೆ ಹೊರಿಸುವಂತಿರಲಿಲ್ಲ. ಅದು ನಾನು ಹೇಳಿದುದನ್ನೇ ಮಾಡಿತ್ತು.

ಮರುವಾರವೇ ಬಂದು ಕಾರ್ಯಾಲಯದಲ್ಲಿ ಕುಳಿತೆ. ಈ ಸಲ ಜನರಲ್ ರಜಿಸ್ಟರುಗಳನ್ನೇ ಹೊರತೆಗೆಸಿ, ಪ್ರತಿಯೊಬ್ಬರ ಕ್ರಮಸಂಖ್ಯೆ, ಪೂರ್ಣ ಹೆಸರು, ತಂದೆಯ ಹೆಸರು, ಊರು ಎಂದು ಬೇರೆಬೇರೆ ಕಾಲಮುಗಳಲ್ಲಿ ಸೇರಿಸತೊಡಗಿದೆವು. ಓದಿ ಹೇಳಲು ಯಾರಾದರೂ ಬೇಕಾಗಿತ್ತು. ತಿಲವಳ್ಳಿ ಪಾಟೀಲರು ತಾವೇ ಬಂದರು. ಎಂಟು ದಿನಗಳ ಕಾಲ ಅವರು ಹಾಜರಿ ಕರೆಯುವ ಧ್ವನಿಯಲ್ಲಿ ಒಂದೊಂದೇ ಹೆಸರನ್ನು ಓದಿದರು, ನಾನು ಬೆರಳಚ್ಚಿಸಿದೆ. ಅಲ್ಲಿ ಇನ್ನೊಂದು ವಿಚಿತ್ರ ಬಯಲಾಯಿತು. ಮೊದಲಿನ ಪಟ್ಟಿಯಲ್ಲಿ ಇಬ್ಬರನ್ನು ಒಬ್ಬರನ್ನಾಗಿಸಿದ್ದಲ್ಲದೆ ಕೆಲವು ಕಡೆ ಒಬ್ಬರನ್ನೇ ಇಬ್ಬರನ್ನಾಗಿಯೂ ಮಾಡಿದ್ದೆ. ಕನ್ನಡವನ್ನು ಗಣಕದಲ್ಲಿ ಬರೆಯುವಾಗ ಮುಂದಿನ ವ್ಯಂಜನವು ಹಿಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುವುದುಂಟು. ಒಬ್ಬ ವಿದ್ಯಾರ್ಥಿ ಅದನ್ನು ಇಟ್ಟು, ಇನ್ನೊಬ್ಬ ಇಡದೆ ಬರೆದಿದ್ದರೆ ಕಾಗದದ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣಬಹುದು. ಯಂತ್ರಕ್ಕೆ ಮಾತ್ರ ಅವು ಬೇರೆಬೇರೆ ಹೆಸರುಗಳು.

ಈಗ ಜಾಲದಲ್ಲಿ ಕನ್ನಡ ಲಿಪಿಯ ಹೆಸರುಗಳೂ ಸಲ್ಲುತ್ತವೆ. ದೇಶದ ಕೊನೆಹೆಸರನ್ನು ನಮ್ಮ ಅಕ್ಷರಗಳಲ್ಲಿಯೇ 'ಭಾರತ' ಎಂದು ಬರೆಯಬಹುದು. ಆದರೆ ತಂತಿಯ ಮೇಲೆ ಸಾಗುವಾಗ ಅದು ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ ಎಂಬ ವೇಷ ಧರಿಸಿ ಹೋಗುತ್ತದೆ. ಅಕ್ಷರ, ಅಂಕಿ, ಅಡ್ಡಗೆರೆಗಳ ಹೊರತು ಬೇರೇನೂ ಕೂಡದೆಂಬ ಆ ಹಳೆಯ ಕಟ್ಟಳೆಯನ್ನು ಒಳಗೊಳಗೆ ಇನ್ನೂ ಯಾರೂ ಮೀರಿಲ್ಲ.

ಪರಿಷ್ಕೃತ ಪಟ್ಟಿಯನ್ನು ಈ ಸಂಚಿಕೆಯ ಕೊನೆಯಲ್ಲಿ ಅಚ್ಚು ಮಾಡಲಾಗಿದೆ. ತಿಲವಳ್ಳಿಯ ಪಾಟೀಲರ ತಾಯಿಯವರ ಹೆಸರು ದತ್ತಿಗಳ ವಿಭಾಗದಲ್ಲಿ ಅದರ ಸ್ಥಳದಲ್ಲಿದೆ. ಆಲೂರಿನ ಪಾಟೀಲರ ಮೊತ್ತದಿಂದ ಹತ್ತು ಸಾವಿರ ಕಡಿಮೆಯಾಗಿದೆ. ಅದಕ್ಕೆ ಅವರು ನಕ್ಕರು. ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರನ್ನೂ ಕ್ರಮಸಂಖ್ಯೆಯನ್ನೂ ದಯವಿಟ್ಟು ನೋಡಿಕೊಳ್ಳಬೇಕು. ಒಂದು ಸಾಲು ಮಾತ್ರ ಅಪೂರ್ಣವಾಗಿಯೇ ಉಳಿದಿದೆ. ಐವತ್ತರ ದಶಕದ ರಜಿಸ್ಟರಿನ ಒಂದು ಪುಟದ ಅಂಚನ್ನು ಗೆದ್ದಲು ತಿಂದಿದೆ. ಕ್ರಮಸಂಖ್ಯೆ ಸ್ಪಷ್ಟವಾಗಿದೆ. ಹೆಸರಿನಲ್ಲಿ ಕೊನೆಯ 'ಲಿಂಗ' ಎಂಬ ಭಾಗವಷ್ಟೇ ಉಳಿದಿದೆ. ಅಡ್ಡಹೆಸರಿನ ಕಾಲಮಿನಲ್ಲಿ 'ಹೆಗ್ಗರಣೆ' ಎಂದಿದೆ. ನಮ್ಮೂರಿನ ಹಿರಿಯರನ್ನು ಮನೆಮನೆಗೆ ಹೋಗಿ ಕೇಳಿದೆ; ಆ ಹೆಸರಿನಿಂದ ಅಲ್ಲಿ ಯಾರನ್ನೂ ಕರೆದ ನೆನಪು ಅವರಿಗಿಲ್ಲ. ಇವರು ಯಾರೆಂದು ಬಲ್ಲವರು ಶಾಲೆಯ ಕಾರ್ಯಾಲಯಕ್ಕೆ ಒಂದು ಕಾರ್ಡು ಬರೆದು ತಿಳಿಸಬೇಕಾಗಿ ವಿನಂತಿ.